ಬಲಗಾಲಿನ ತಾಳ

ವಿಜಯೇಂದ್ರನ ಕಷ್ಟಕ್ಕೆಲ್ಲ ಮೂಲ ಅವನ ಬಲಗಾಲು. ಆ ಕಾಲಿಗೆ ನೋವಿರಲಿಲ್ಲ, ಊತವಿರಲಿಲ್ಲ, ಒಂದು ಆಣಿ ಕೂಡ ಇರಲಿಲ್ಲ. ಇದ್ದದ್ದು ಒಂದೇ ಚಟ. ಎಲ್ಲಿಂದಲಾದರೂ ಹಾಡು ಕೇಳಿಸಿತೋ, ಅದು ಒಡೆಯನ ಅಪ್ಪಣೆಗೆ ಕಾಯದೆ ತಾಳ ಹಾಕಲು ಶುರುಮಾಡುತ್ತಿತ್ತು.

ಇದರಲ್ಲಿ ಅವನ ತಪ್ಪೇನೂ ಇಲ್ಲ ಬಿಡಿ. ಶ್ರೀರಂಗಪಟ್ಟಣದ ಕೋಟೆಯೊಳಗೆ ಅವರ ಮನೆಗೆ ಈಗಲೂ ‘ತಾಳದವರ ಮನೆ’ ಅಂತಲೇ ಹೆಸರು. ದೇವಸ್ಥಾನದ ಭಜನೆಗೆ ಅವನ ತಾತ ತಾಳ ಹಾಕಿದರು, ಅಪ್ಪ ಹಾಕಿದರು. ವಿಜಯೇಂದ್ರನೂ ಹಾಲುಹಲ್ಲು ಬೀಳುವ ಮೊದಲೇ ಧನುರ್ಮಾಸದ ಚಳಿಯಲ್ಲಿ ಕಂಚಿನ ತಾಳ ಹಿಡಿದು ಬೀದಿ ಭಜನೆಯ ಹಿಂದೆ ನಡೆದವನು. ಕೈ ತಾಳ ಕುಟ್ಟಬೇಕು, ಬಲಗಾಲು ಲೆಕ್ಕ ಹಿಡಿಯಬೇಕು. ಅದು ಆ ಮನೆಯ ಪಾಠ. ಈಗ ಅವನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಕೈ ಭಜನೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾಲು ಮಾತ್ರ ಬಿಟ್ಟಿರಲಿಲ್ಲ.

ಆಫೀಸಿನ ಮೇಜಿನ ಕೆಳಗೆ ಕಾಲು ತನ್ನ ಪಾಡಿಗೆ ತಾನು ಕುಟ್ಟಿಕೊಂಡಿದ್ದಷ್ಟು ಕಾಲ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಅವನು ಕಾರು ಕೊಂಡ. ಕಾರಿನಲ್ಲಿ ಬಲಗಾಲಿನ ಕೆಳಗೆ ನೆಲ ಇರುವುದಿಲ್ಲ, ಆಕ್ಸಿಲರೇಟರ್ ಇರುತ್ತದೆ!

ಮೊದಲ ಸಲ ನಾಗಮಂಗಲದಲ್ಲಿ ಡ್ರೈವಿಂಗ್ ಟೆಸ್ಟಿಗೆ ಹೋದಾಗ ಪಕ್ಕದಲ್ಲಿ ಕೂತ ಇನ್‌ಸ್ಪೆಕ್ಟರ್ ಚೈತ್ರ ಮೇಡಂ ಅವರ ಫೋನು ರಿಂಗಾಯಿತು. ಒಳ್ಳೆ ಕುಣಿಯುವ ಹಾಡು. ಕಾರು ಮಳೆ ಕಂಡ ಕಪ್ಪೆಯ ಹಾಗೆ ಕುಪ್ಪಳಿಸುತ್ತ ಮೈದಾನ ದಾಟಿತು. ಎರಡನೆಯ ಸಲ ಪಕ್ಕದ ಕಲ್ಯಾಣಮಂಟಪದಲ್ಲಿ ಸರಿಯಾಗಿ ಗಟ್ಟಿಮೇಳ ಬಾರಿಸಿದರು. ಗಟ್ಟಿಮೇಳ ಅಂದಮೇಲೆ ಗೊತ್ತಲ್ಲ, ನಿಧಾನದ ಮಾತೇ ಇಲ್ಲ. ಅತ್ತ ವಧುವಿನ ಕೊರಳಿಗೆ ತಾಳಿ ಬಿದ್ದಾಗ ಇತ್ತ ಕಾರು ಬೇಲಿಯೊಳಗಿತ್ತು, ಮೇಡಂ ಕೈಯಲ್ಲಿದ್ದ ಬರೆಯುವ ರಟ್ಟು ಬೇಲಿಯಾಚೆಗಿತ್ತು.

ಇವತ್ತು ಮೂರನೆಯ ಸಲ. ಹೆಂಡತಿ ಸ್ಮೃತಿ ಬೆಳಗಿನ ಕಾಫಿಯ ಜೊತೆಗೇ ಕೊನೆಯ ಮಾತನ್ನೂ ತಂದಿಟ್ಟಳು.

“ನೋಡಿ, ನಾನು ಖಂಡಿತವಾಗಿ ಹೇಳ್ತಿದೀನಿ. ಆ ಕಾರಿನ ಕೆಳಗೆ ಬೆಕ್ಕು ಎರಡನೇ ಸಲ ಮರಿ ಹಾಕಿದೆ. ಇವತ್ತು ಈ ಮನೆಗೆ ಒಂದು ಲೈಸೆನ್ಸ್ ಬಂದ್ರೆ ಸರಿ. ಇಲ್ಲಾಂದ್ರೆ ಸಾಯಂಕಾಲ ನಮ್ಮ ಧರ್ಮೇಂದ್ರ ಬಂದು ಕಾರು ತಗೊಂಡು ಹೋಗ್ತಾನೆ. ಅವನಿಗೆ ಹೇಳಿಯೂ ಆಗಿದೆ.”

ಧರ್ಮೇಂದ್ರ ಸ್ಮೃತಿಯ ತಮ್ಮ. ಕೆ.ಆರ್. ಪೇಟೆಯಲ್ಲಿ ತೆಂಗಿನಕಾಯಿ ವ್ಯಾಪಾರ. ಆ ಆಕಾಶ ಬಣ್ಣದ ಕಾರಿನ ಹಿಂದಿನ ಸೀಟು ಕಿತ್ತುಹಾಕಿದರೆ ಎಷ್ಟು ಕಾಯಿ ಹಿಡಿಯಬಹುದು ಎಂದು ಅವನು ಬಂದಾಗಲೆಲ್ಲ ಮೊಳ ಹಾಕಿ ನೋಡುತ್ತಿದ್ದ. ದಿನಾ ಪಾಂಡವಪುರದ ಬಸ್ಸಿನಲ್ಲಿ ಯಾರದೋ ಕಂಕುಳ ಕೆಳಗೆ ತಲೆಯಿಟ್ಟು ನಿಂತು ಹೋಗುವಾಗ ವಿಜಯೇಂದ್ರ ಕಾಣುತ್ತಿದ್ದ ಕನಸು ಒಂದೇ: ಕಿಟಕಿಯ ಮೇಲೆ ಮೊಣಕೈಯಿಟ್ಟು ಕಾರು ಓಡಿಸಿಕೊಂಡು ಇದೇ ಬಸ್ಸಿನ ಪಕ್ಕದಲ್ಲಿ ಹಾದುಹೋಗಬೇಕು, ಆ ಕಂಡಕ್ಟರ್ ನೋಡಬೇಕು! ಆ ಕನಸಿನ ಮೇಲೆ ತೆಂಗಿನಕಾಯಿ ಸುರಿಯುವುದೇ?

“ಈ ಸಲ ಬಂದೇ ಬರುತ್ತೆ ನೋಡ್ತಿರು,” ಎಂದು ಅಂಗಳಕ್ಕೆ ಬಂದರೆ, ಕಾರಿನ ಹಿಂಭಾಗದಿಂದ ಎರಡು ಕಾಲು ಹೊರಚಾಚಿದ್ದವು.

ಅವು ಪಕ್ಕದ ಮನೆ ನರಸಯ್ಯನವು. ಲೈನ್‌ಮನ್ ಕೆಲಸದಿಂದ ರಿಟೈರ್ ಆದಮೇಲೆ ಕಂಬ ಹತ್ತುವುದು ನಿಂತಿತ್ತೇ ಹೊರತು ವೈರು ಮುಟ್ಟುವ ಚಪಲ ಹೋಗಿರಲಿಲ್ಲ. ಕೈಯಲ್ಲಿ ಇಕ್ಕಳ ಹಿಡಿದು ಎದ್ದುಬಂದ.

“ಏನ್ ಅಯ್ನೋರೆ, ಮೂರ್ನೇ ಸತಿ ವೊಂಟ್ರಾ? ಈ ಸತಿ ಪಾಸು ಬುಡಿ. ನಿಮ್ಗೇ ಅಂತ ಒಂದ್ ಒಳ್ಳೆ ಕೆಲ್ಸ ಮಾಡಿವ್ನಿ.”

“ಏನು ಮಾಡಿದೆ ನರಸಯ್ಯ?”

“ಇಂದ್ಗಡೆ ಒಂದ್ ವೈರು ಕಟ್ಟಾಗಿತ್ತು. ಯಾವೋನೋ ಬಡ್ಡೈದ ಸರ್ಯಾಗಿ ಕಟ್ ಮಾಡಿದ್ದ. ಸೇರ್ಸಿ ಟೇಪ್ ಸುತ್ತಿವ್ನಿ. ಯಾವ್ದು ಅಂತ ಕೇಳ್ಬ್ಯಾಡಿ, ಟೇಮ್ ಬಂದಾಗ ಅದೇ ಏಳ್ತದೆ.”

ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಜಫರ್ ಬಂದದ್ದರಿಂದ ವಿಜಯೇಂದ್ರ ಆ ಮಾತನ್ನು ಅಲ್ಲಿಗೇ ಮರೆತ. ಜಫರ್ ಗಂಜಾಂನವನು. ತಾಲ್ಲೂಕಿನ ಅರ್ಧ ಜನಕ್ಕೆ ಗಾಡಿ ಕಲಿಸಿದವನು. ಕಾರು ಕೊಂಡ ಮೊದಲ ದಿನವೇ ಅದರಲ್ಲಿದ್ದ ಸ್ಟೀರಿಯೋ ಕಿತ್ತು ಬೀರುವಿನಲ್ಲಿಡಿಸಿದ್ದ. ಹಳೆಯ ಮಾಲೀಕ ಹಾಕಿಸಿದ್ದ ರಿವರ್ಸ್ ಹಾರನ್ನಿನ ಹಾಡಿನ ವೈರನ್ನೂ ಅವತ್ತೇ ಕತ್ತರಿಸಿ ಬಿಟ್ಟಿದ್ದ. ಅವನ ಸಿದ್ಧಾಂತವೇ ಹಾಗೆ.

“ಹಳೇ ಡ್ರೈವರ್‌ಗೆ ಹಾಡು ಕಿವೀಲೇ ನಿಂತ್ಕೋತದೆ ಸಾ. ಹೊಸಬ್ರಿಗೆ ಕೈಗೆ ಕಾಲ್ಗೆ ಎಲ್ಲಾ ಇಳೀತದೆ. ನಿಮ್ಗಂತೂ ಸೀದಾ ಬಲಗಾಲ್ಗೇ ಇಳೀತದೆ. ಇವತ್ತು ರೇಡಿಯೋ ಬಂದ್, ಫೋನ್ ಬಂದ್, ಸೀಟಿ ಬಂದ್. ಅಲ್ಲಾ ಕಸಂ, ಈ ಸಲಾನೂ ನೀವು ಫೇಲಾದ್ರೆ ನಾನು ಬೋರ್ಡ್ ಇಳಿಸಿ ಮನೇಲಿ ಕೂತ್ಕೋತೀನಿ.”

ಫೋನುಗಳೆಲ್ಲ ಬಾಯಿ ಮುಚ್ಚಿಕೊಂಡು ಸ್ಟೀಲ್ ಡಬ್ಬಿಯೊಳಗೆ ಹೋದವು. ಇನ್ನೇನು ಹೊರಡಬೇಕು, ಒಳಗಿನಿಂದ ಅತ್ತೆ ತುಳಸಮ್ಮ ಬಂದರು. ಮೈಮೇಲೆ ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಬಟ್ಟೆಚೀಲ, ಕಾಲಲ್ಲಿ ಹೊಚ್ಚಹೊಸ ಕ್ಯಾನ್‌ವಾಸ್ ಶೂ.

“ಅಳಿಯಂದ್ರೇ, ನಾನೂ ಬರ್ತೀನಿ. ನಾಗಮಂಗಲದಲ್ಲಿ ಒಂದು ಹರಕೆ ಇದೆ.”

“ಹರಕೆಗೆ ಶೂ ಯಾಕಮ್ಮ?” ಎಂದಳು ಸ್ಮೃತಿ.

“ಮಂಡಿ ನೋವಿಗೆ ಡಾಕ್ಟ್ರು ಹೇಳಿದಾರೆ ಕಣೆ.”

“ಆ ಮಂಡಿ ನೋವು ಇಟ್ಕೊಂಡೇ ದಿನಾ ಮಧ್ಯಾಹ್ನ ಗಂಜಾಂಗೆ ಹೋಗಿ ನೂರ್ ಫಾತಿಮಾಗೆ ಉಪ್ಪಿನಕಾಯಿ ಹಾಕೋದು ಹೇಳಿಕೊಡ್ತೀಯ. ಎರಡು ತಿಂಗಳಿಂದ ಹಾಕ್ತಾನೇ ಇದೀರ, ನಮ್ಮನೆಗೆ ಒಂದು ಹೋಳೂ ಬರ್ಲಿಲ್ಲ.”

ನೂರ್ ಫಾತಿಮಾ ಜಫರನ ಹೆಂಡತಿ. ಸ್ಕೂಲಿಗೆ ಸೇರುವ ಹೆಂಗಸರಿಗೆ ಗಾಡಿ ಕಲಿಸುವವಳು ಅವಳೇ. ಜಫರ್ ಏನೋ ಹೇಳಲು ಹೋಗಿ ಕೆಮ್ಮಿದ. ತುಳಸಮ್ಮ “ಇನ್ನೂ ಕಳಿತಿಲ್ಲ ಕಣೆ, ಕಳಿಲಿ” ಎಂದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಬಟ್ಟೆಚೀಲ ಘಲ್ ಎಂದಿತು.

ಕಾರು ಹೊರಟಿತು. ಏನು ಹೊರಡುವುದು ಅಂತೀರಿ! ಹಾಲಿನ ಮೇಲಿನ ಕೆನೆ ಸರಿದ ಹಾಗೆ. ಕೋಟೆ ದಾಟಿತು, ಹೊಳೆ ದಾಟಿತು, ಪಾಂಡವಪುರದ ರಸ್ತೆ ಹಿಡಿಯಿತು. ಎರಡೂ ಕಡೆ ಹಸಿರು ಗದ್ದೆ. ಮೌನವಿದ್ದರೆ ವಿಜಯೇಂದ್ರ ಎಂಥ ಡ್ರೈವರ್ ಎಂಬುದಕ್ಕೆ ಆ ನಾಲ್ಕು ಮೈಲಿಯೇ ಸಾಕ್ಷಿ.

ಆಗ ಹಿಂದಿನಿಂದ ಸಣ್ಣಗೆ “ಊಂ… ಊಂಊಂ…” ಎಂದು ಶುರುವಾಯಿತು.

ತುಳಸಮ್ಮ ಕೋಟೆಯ ಮಹಿಳಾ ಭಜನಾ ಮಂಡಳಿಯ ಮೊದಲ ದನಿ. ಅಕ್ಕಿ ಆರಿಸುವಾಗಲೂ ಹಾಡುವವರು. ಬಲಗಾಲು ಕಿವಿ ನೆಟ್ಟಗೆ ಮಾಡಿತು. ಕಾರು ಒಮ್ಮೆ ಮುಗ್ಗರಿಸಿತು.

“ಅಮ್ಮಾ! ಹಾಡು ಬಂದ್!” ಎಂದು ಜಫರ್ ಕೂಗಿದ.

“ಅಯ್ಯೋ, ಹಾಡಲ್ಲಪ್ಪಾ ಅದು, ಉಸಿರು.”

ರೇಡಿಯೋಗಾದರೆ ಒಂದು ಗುಂಡಿ ಇರುತ್ತದೆ. ಅತ್ತೆಗೆ ಎಲ್ಲಿಂದ ತರುವುದು? ಕೊನೆಗೆ ಅವರ ಚೀಲದಲ್ಲಿದ್ದ ಕಲ್ಲುಸಕ್ಕರೆಯನ್ನೇ ಅವರ ಬಾಯಿಗೆ ಹಾಕಿಸಿ ಶಾಂತಿ ಸ್ಥಾಪನೆ ಮಾಡಬೇಕಾಯಿತು. ಆದರೂ ಕಲ್ಲುಸಕ್ಕರೆಯ ಸಂದಿಯಿಂದಲೇ ಮಾತು ಬಂತು.

“ಅಳಿಯಂದ್ರೇ, ಮೂರಕ್ಕೆ ಹಾಕಿ. ಎಂಜಿನ್ನು ಕಿರುಚ್ಕೋತಿದೆ.”

“ಅದೆಲ್ಲ ನಿಮಗೇನು ಗೊತ್ತಾಗುತ್ತೆ ಅತ್ತೆ?”

“ಶ್ರುತಿ ಮೇಲೆ ಹೋಯ್ತಲ್ಲ, ಅಷ್ಟೂ ಕೇಳಿಸಲ್ವೆ?”

ವಿಜಯೇಂದ್ರ ಮೂರಕ್ಕೆ ಹಾಕಿದ. ಎಂಜಿನ್ನು ಸಮಾಧಾನದ ಉಸಿರುಬಿಟ್ಟಿತು. ಅವನಿಗೆ ಸ್ವಲ್ಪ ಅವಮಾನವೇ ಆಯಿತು.

ಪಾಂಡವಪುರ ಇನ್ನೇನು ಬಂತು ಅನ್ನುವಾಗ ಎದುರಿಗೆ ಒಂದು ಬೆಟ್ಟ ಪ್ರತ್ಯಕ್ಷವಾಯಿತು. ಕಬ್ಬಿನ ಬೆಟ್ಟ. ಅದನ್ನು ಒಂದು ಟ್ರಾಕ್ಟರು ಎಳೆದುಕೊಂಡು ಹೋಗುತ್ತಿತ್ತು. ಆ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ, ಡ್ರೈವರನ ತಲೆಯ ಮೇಲೆ, ಸೀಟಿನ ಹಿಂದೆ, ಎಲ್ಲೆಲ್ಲಿ ಜಾಗವಿತ್ತೋ ಅಲ್ಲೆಲ್ಲ ಸ್ಪೀಕರು! ಹಾಡು ಕಿವಿಗೆ ಬರುವ ಮೊದಲೇ ಎದೆಗೆ ಬಂತು. ದುಂ ದುಂ ದುಂ!

“ಯಾ ಅಲ್ಲಾ! ಓವರ್‌ಟೇಕ್ ಮಾಡ್ಬ್ಯಾಡಿ, ಎದ್ರುಗಡೆ ಬಸ್ಸು! ಇಂದೆ ಉಳ್ಕಳ್ಳಿ ಸಾ! ಕಾಲು! ಕಾಲು!”

ಕಾಲು ಆಗಲೇ ಕೈಬಿಟ್ಟುಹೋಗಿತ್ತು. ದುಂ ಎಂದರೆ ಕಾರು ಮುಂದಕ್ಕೆ ಹಾರುತ್ತಿತ್ತು, ದುಂ ನಿಂತರೆ ಕಾರೂ ನಿಲ್ಲುತ್ತಿತ್ತು. ಹೋರಿ ಹಸುವಿನ ಹಿಂದೆ ಹೋದಂತೆ ಅದು ಕಬ್ಬಿನ ಲೋಡನ್ನು ಮೂಸಿ ಮೂಸಿ ಬರತೊಡಗಿತು. ವಿಜಯೇಂದ್ರ ಎರಡು ಕೈಯಿಂದ ಬಲ ಮೊಣಕಾಲು ಹಿಡಿದುಕೊಂಡರೆ ಸ್ಟೀರಿಂಗಿಗೆ ಕೈಯಿಲ್ಲ, ಸ್ಟೀರಿಂಗ್ ಹಿಡಿದರೆ ಮೊಣಕಾಲಿಗೆ ಕೈಯಿಲ್ಲ. ಜಫರ್ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದನ್ನು ಕಿಟಕಿಯಾಚೆ ಬೀಸಿ “ಹಾಡು ನಿಲ್ಸಪ್ಪಾ!” ಎಂದು ಬೊಬ್ಬೆ ಹೊಡೆದ.

ಟ್ರಾಕ್ಟರ್ ಓಡಿಸುತ್ತಿದ್ದವನು ಬೂಕನಕೆರೆಯ ಚೌಡಯ್ಯ. ಕೆಂಪು ಟವೆಲ್ ತಲೆಗೆ ಸುತ್ತಿದ್ದ ಆ ರಸಿಕ ತಿರುಗಿ ನೋಡಿದರೆ ಏನು ಕಾಣಬೇಕು? ಒಂದು ನೀಲಿ ಕಾರು ತನ್ನ ಹಾಡಿಗೆ ಸರಿಯಾಗಿ ಕುಣಿಯುತ್ತಿದೆ, ಒಳಗಿರುವವರು ಕೈ ಬೀಸುತ್ತಿದ್ದಾರೆ! ಅವನಿಗೆ ಕಣ್ಣಲ್ಲಿ ನೀರೇ ಬಂತು.

“ಅಯ್ ಶಿವ್ನೇ! ಏನ್ ಸ್ಟೆಪ್ ಆಕ್ತಾ ಅದೆ ನಿಮ್ ಕಾರು! ತಡೀರಿ, ಇನ್ನೂ ವಸಿ ಸೌಂಡ್ ಕೊಡ್ತೀನಿ!”

ಕೊಟ್ಟ. ಕಾರು ಕೊನೆಯದಾಗಿ ಒಂದು ನೆಗೆತ ನೆಗೆದು, ಕಬ್ಬಿನ ತುದಿಗಳನ್ನೆಲ್ಲ ಬಾನೆಟ್ಟಿನ ಮೂತಿಗೆ ಚುಚ್ಚಿಕೊಂಡು ಆಫಾಯಿತು. ಟ್ರಾಕ್ಟರು ಅದನ್ನೂ ಸ್ವಲ್ಪ ದೂರ ಎಳೆದುಕೊಂಡೇ ಹೋಯಿತು. ಹಿಂದೆ ಪಾಂಡವಪುರದ ಬಸ್ಸು, ಲಗೇಜ್ ಆಟೋ, ಹಾಲಿನ ವ್ಯಾನು ಎಲ್ಲ ಸಾಲುಗಟ್ಟಿ ಹಾರನ್ ಹೊಡೆದವು. ಬಸ್ಸಿನ ಬಾಗಿಲಿನಲ್ಲಿ ನೇತಾಡುತ್ತಿದ್ದ ಕಂಡಕ್ಟರು, ಅದೇ ಕಂಡಕ್ಟರು, ಕಾರಿನ ಪಕ್ಕಕ್ಕೆ ಬಂದಾಗ ಬಗ್ಗಿ ನೋಡಿದ.

“ಓಹೋ, ನೀವಾ ಸಾ! ಕಾರ್ ಓಡಿಸ್ತಾ ಇದೀರೋ, ಅದ್ಕೆ ಡ್ಯಾನ್ಸ್ ಕಲಿಸ್ತಾ ಇದೀರೋ? ನಾಳೆ ಬಸ್ಸಿಗೆ ಬತ್ತೀರಲ್ಲ, ಸೀಟ್ ಇಡ್ಸಿರ್ತೀನಿ!”

ಬಸ್ಸು ಪೂರ್ತಿ ನಕ್ಕಿತು. ಚೌಡಯ್ಯ ಇಳಿದುಬಂದು ಕಾರಿನ ಮೂತಿಯಿಂದ ಕಬ್ಬು ಕಿತ್ತು, ಸಿಟ್ಟಾಗುವುದಿರಲಿ, ಒಂದು ಹೊರೆಯನ್ನೇ ಹಿಂದಿನ ಸೀಟಿಗೆ ತುರುಕಿದ. “ಇಟ್ಕಳಿ ಅಯ್ನೋರೆ. ನನ್ನ ಸೌಂಡ್ ಸೆಟ್ಟಿಗೆ ಇಷ್ಟು ಬೆಲೆ ಕೊಟ್ಟೋರು ನೀವೇ ಮೊದಲು.”

ಜಕ್ಕನಹಳ್ಳಿಯ ಹತ್ತಿರ ಜಫರ್ ಕಾರು ನಿಲ್ಲಿಸಲು ಹೇಳಿ, ಮೆಡಿಕಲ್ ಅಂಗಡಿಯಿಂದ ಒಂದು ಸುರುಳಿ ಹತ್ತಿ ತಂದ. ವಿಜಯೇಂದ್ರನ ಎರಡು ಕಿವಿಗೂ ಹಾಸಿಗೆಗೆ ತುಂಬಿದ ಹಾಗೆ ತುಂಬಿದ. ಆಮೇಲೆ ಕಿವಿಯ ಹತ್ತಿರ ಬಂದು ಚಪ್ಪಾಳೆ ತಟ್ಟಿದ. ವಿಜಯೇಂದ್ರ ಮಿಸುಕಲಿಲ್ಲ. ತುಳಸಮ್ಮ ಪೂರ್ತಿ ದನಿಯೆತ್ತಿ ಒಂದು ಚರಣ ಹಾಡಿದರು. ಬಲಗಾಲು ಸತ್ತ ಹಾಗೆ ಬಿದ್ದಿತ್ತು.

“ಗೆದ್ವಿ ಸಾ!” ಎಂದ ಜಫರ್.

“ಏನು?” ಎಂದ ವಿಜಯೇಂದ್ರ.

ನಾಗಮಂಗಲದ ಟೆಸ್ಟ್ ಮೈದಾನದಲ್ಲಿ ಆಗಲೇ ಜನ ಸೇರಿದ್ದರು. ಒಂದು ಕಡೆ ಜಫರನ ಸ್ಕೂಲಿನ ಹಳದಿ ಕಾರು ನಿಂತಿತ್ತು, ಪಕ್ಕದಲ್ಲಿ ನೂರ್ ಫಾತಿಮಾ ತನ್ನ ಹೆಣ್ಣು ಶಿಷ್ಯರನ್ನು ನಿಲ್ಲಿಸಿಕೊಂಡಿದ್ದಳು. ತುಳಸಮ್ಮ “ನೀವು ನಡೀರಿ, ನಾನು ಫಾತಿಮಾ ಹತ್ರ ಕೂತಿರ್ತೀನಿ” ಎಂದು ಸನ್ನೆ ಮಾಡಿ ಹೋದರು. ಉಪ್ಪಿನಕಾಯಿ ಗೆಳತಿಯರು ಎಂದುಕೊಂಡ ವಿಜಯೇಂದ್ರ.

ಚೈತ್ರ ಮೇಡಂ ಎಲ್ಲರನ್ನೂ ಮುಂದೆ ನಿಲ್ಲಿಸಿ ಎಂದಿನ ಮಾತು ಹೇಳಿದರು. “ಹಾಡು ಕೆಟ್ಟದ್ದು ಅಂತ ನಾನು ಹೇಳಲ್ಲ. ಆದ್ರೆ ಹೊಸದಾಗಿ ಕಲಿತೋರ ಗಮನ ಅನ್ನೋದು ಸಣ್ಣ ಬಟ್ಟಲು ಇದ್ದ ಹಾಗೆ. ಅದರೊಳಗೆ ಹಾಡು ಸುರಿದ್ರೆ ರಸ್ತೆ ಹೊರಗೆ ಚೆಲ್ಲುತ್ತೆ. ಕೈ ಪಳಗೋವರೆಗೂ ಗಾಡೀಲಿ ಹಾಡು ಬೇಡ.” ಎಲ್ಲರೂ ತಲೆಯಾಡಿಸಿದರು. ಒಂದಕ್ಷರವೂ ಕೇಳಿಸದ ವಿಜಯೇಂದ್ರ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ.

“ಬನ್ನಿ ತಾಳದವರೇ,” ಎಂದು ಮೇಡಂ ಪಕ್ಕದಲ್ಲಿ ಕೂತು, ಸೀಟ್ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿಕೊಂಡರು.

ಆಹಾ, ಆಮೇಲೆ ನಡೆದದ್ದನ್ನು ನೋಡಬೇಕಿತ್ತು! ಎಂಟರ ಆಕಾರದ ದಾರಿಯಲ್ಲಿ ಆ ಕಾರು ಅಕ್ಷರಾಭ್ಯಾಸದ ಮಗುವಿನ ಬೆರಳನ್ನು ಮೇಷ್ಟ್ರು ಹಿಡಿದು ಬರೆಸಿದಂತೆ ಹೋಯಿತು. ದಿಬ್ಬ ಹತ್ತಿ ನಿಂತಿತು, ಒಂದು ಗೇಣೂ ಹಿಂದೆ ಜಾರಲಿಲ್ಲ. ಬದಿಯಲ್ಲಿ ನಿಂತ ಜಫರ್ ಆಕಾಶಕ್ಕೆ ಕೈಯೆತ್ತಿದ. ಮೇಡಂ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು.

“ತುಂಬ ಚೆನ್ನಾಗಿದೆ ಸರ್. ಇಲ್ಲಿ ನಿಲ್ಸಿ. ಇನ್ನು ರಿವರ್ಸ್ ತಗೊಳ್ಳಿ.”

ವಿಜಯೇಂದ್ರ ಮುಗುಳ್ನಕ್ಕು ಮುಂದಕ್ಕೆ ಹೋದ.

“ಸರ್, ನಿಲ್ಸಿ ಅಂದೆ.”

ಮುಂದಕ್ಕೇ ಹೋದ.

“ಸರ್! ಸ್ಟಾಪ್! ರೀ!”

ಗೇಟು ಬಂತು, ಕಾರು ಗೇಟು ದಾಟಿತು, ಬೆಳ್ಳೂರು ರಸ್ತೆಗೆ ಹತ್ತುವುದರಲ್ಲಿತ್ತು. ಮೇಡಂ ಅವನ ಭುಜ ಹಿಡಿದು ಅಲ್ಲಾಡಿಸಿದಾಗ ಒಂದು ಕಿವಿಯಿಂದ ಮೊಲದ ಬಾಲದಂಥ ಹತ್ತಿಯ ತುಂಡು ಹೊರಬಂತು.

“ಏನ್ರೀ ಇದು!”

“ಏನು?” ಎಂದ ವಿಜಯೇಂದ್ರ. ಇನ್ನೊಂದು ಕಿವಿಯಲ್ಲಿ ಹತ್ತಿ ಇನ್ನೂ ಇತ್ತು.

“ಕಿವಿ ಮುಚ್ಕೊಂಡು ಗಾಡಿ ಓಡಿಸೋದು ಹಾಡು ಹಾಕ್ಕೊಂಡು ಓಡಿಸೋದಕ್ಕಿಂತ ದೊಡ್ಡ ತಪ್ಪು! ಆಂಬುಲೆನ್ಸ್ ಬಂದ್ರೆ ನಿಮಗೆ ಯಾರು ಹೇಳ್ತಾರೆ? ತೆಗೀರಿ ಎರಡೂನೂ!” ಆಮೇಲೆ ಅವನ ಮುಖ ನೋಡಿ ಅವರಿಗೇ ಅಯ್ಯೋ ಅನ್ನಿಸಿರಬೇಕು. “ನೋಡಿ, ಇಷ್ಟು ಹೊತ್ತು ಚೆನ್ನಾಗೇ ಓಡಿಸಿದೀರ. ಇನ್ನು ರಿವರ್ಸ್ ಒಂದೇ ಬಾಕಿ. ಕಿವಿ ಬಿಟ್ಟು ಮಾಡಿ ತೋರ್ಸಿ, ಪಾಸ್ ಮಾಡ್ತೀನಿ. ಇಲ್ಲಿ ಯಾವ ಹಾಡೂ ಇಲ್ಲ.”

ನಿಜ, ಯಾವ ಹಾಡೂ ಇರಲಿಲ್ಲ. ಕಲ್ಯಾಣಮಂಟಪಕ್ಕೆ ಬೀಗ ಹಾಕಿತ್ತು. ಮೇಡಂ ಫೋನು ಆಫೀಸಿನಲ್ಲಿತ್ತು. ಎಲ್ಲೋ ಒಂದು ಕಾಗೆ ಕೂಗಿತು, ಅದಕ್ಕೆ ತಾಳವಿರಲಿಲ್ಲ. ವಿಜಯೇಂದ್ರ ಒಂದು ಸುತ್ತು ತಿರುಗಿಸಿ ಮೈದಾನಕ್ಕೆ ವಾಪಸು ಬಂದು, ದೇವರನ್ನು ನೆನೆದು, ಕ್ಲಚ್ಚು ಒತ್ತಿ, ರಿವರ್ಸ್ ಗೇರಿಗೆ ಹಾಕಿದ.

ಕಾರಿನ ಹಿಂಭಾಗದಿಂದ, ನರಸಯ್ಯ ಸೇರಿಸಿ ಟೇಪು ಸುತ್ತಿದ್ದ ವೈರಿನಿಂದ, ಸ್ಪಷ್ಟವಾಗಿ, ಖುಷಿಯಾಗಿ, ಹಾಡು ಬಂತು.

ಟಿಡಿಂ ಟಿಡಿಂ ಟಿಡಿಟಿಡಿ ಟಿಡಿಂ!

ಬಲಗಾಲಿಗೆ ಹಸಿವಾಗಿತ್ತು. ಬೆಳಗಿನಿಂದ ಅದರ ಬಾಯಿ ಕಟ್ಟಿದ್ದರಲ್ಲ! ಕಾರು ಹಿಂದಕ್ಕೆ ಹೊರಟಿತು. ಟಿಡಿಂ ಎಂದಾಗ ಎಡಗಡೆಯ ಪ್ಲಾಸ್ಟಿಕ್ ಕಂಬ ಬಿತ್ತು, ಮತ್ತೊಂದು ಟಿಡಿಂಗೆ ಬಲಗಡೆಯದು. ಒಂದು ಕಂಬವೂ ತಾಳ ತಪ್ಪಿ ಬೀಳಲಿಲ್ಲ. ರಿವರ್ಸ್ ಗೇರಿನಲ್ಲಿ ಇರುವಷ್ಟು ಹೊತ್ತೂ ಹಾಡು, ಹಾಡು ಇರುವಷ್ಟು ಹೊತ್ತೂ ಕಾಲು. “ಗೇರ್ ತೆಗೀರಿ! ಗೇರ್!” ಎಂದು ಜಫರ್ ಓಡಿಬಂದ. ವಿಜಯೇಂದ್ರನಿಗೆ ಅದು ಕೇಳಿಸಿತು ಕೂಡ. ಆದರೆ ತಾಳದವರ ಮನೆಯಲ್ಲಿ ಹುಟ್ಟಿದವನು ಹಾಡನ್ನು ನಡುವೆ ಕೈಬಿಡುವುದುಂಟೆ? ಒಂದೇ ಪೆಟ್ಟನ್ನು ಮೂರು ಸಲ ಹಾಕಿ ಮುಕ್ತಾಯ ಮಾಡಬೇಕು. ಮೊದಲ ಸಲಕ್ಕೆ ಕಸದ ಡಬ್ಬ, ಎರಡನೆಯದಕ್ಕೆ ನೀರಿನ ಡ್ರಮ್ಮು, ಮೂರನೆಯದಕ್ಕೆ ‘ಸಾವಧಾನ’ ಎಂದು ಬರೆದ ಬೋರ್ಡು. ಢಂ! ಸರಿಯಾಗಿ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದು ಕಾರು ನಿಂತಿತು.

ನೆರೆದ ಜನ ಚಪ್ಪಾಳೆ ತಟ್ಟಿಬಿಟ್ಟರು.

“ನಿಮ್ಮ ಬಟ್ಟಲು ತಲೇಲಿಲ್ಲ ಸರ್,” ಎಂದರು ಚೈತ್ರ ಮೇಡಂ, ಡ್ರಮ್ಮಿನ ನೀರಿನಲ್ಲಿ ಕಾಲಿಟ್ಟು ಇಳಿಯುತ್ತ. “ಕಾಲಲ್ಲಿದೆ. ಫೇಲ್.”

ವಿಜಯೇಂದ್ರ ಮೋರಿ ಕಟ್ಟೆಯ ಮೇಲೆ ಕೂತು, ಏನು ಮಾಡಲೂ ತೋಚದೆ, ಚೌಡಯ್ಯ ಕೊಟ್ಟ ಕಬ್ಬಿನ ಒಂದು ಜಲ್ಲೆ ಸಿಗಿಯತೊಡಗಿದ. ಡಬ್ಬಿಯಿಂದ ತೆಗೆದ ಫೋನು ಗಡಗಡ ನಡುಗಿತು. ಧರ್ಮೇಂದ್ರ.

“ಭಾವ, ಏನಾಯ್ತು? ಫೇಲ್ ತಾನೆ? ಬೇಜಾರು ಮಾಡ್ಕೋಬೇಡಿ. ನಾನು ಆಗಲೇ ಪಟ್ಟಣಕ್ಕೆ ಹೊರಟಿದೀನಿ. ಡಿಕ್ಕೀಲಿ ಸ್ಟೆಪ್ನಿ ತೆಗೆದ್ರೆ ಇನ್ನೊಂದು ಮೂಟೆ ಹಿಡಿಯುತ್ತಲ್ವಾ?”

ವಿಜಯೇಂದ್ರ ಕಬ್ಬಿನ ಸಿಪ್ಪೆ ಉಗಿದ. ನೀಲಿ ಕಾರು ಬಿಸಿಲಿನಲ್ಲಿ ಅವನನ್ನೇ ನೋಡುತ್ತ ನಿಂತಿತ್ತು.

ಅಷ್ಟರಲ್ಲಿ ಮೈದಾನದ ಕಡೆಯಿಂದ ಕೂಗು ಬಂತು.

“ಮುಂದಿನೋರು! ತುಳಸಮ್ಮ! ಶ್ರೀರಂಗಪಟ್ಟಣ!”

ಯಾರೋ ಬೇರೆ ತುಳಸಮ್ಮ ಎಂದುಕೊಂಡ. ಪಟ್ಟಣದಲ್ಲಿ ತುಳಸಮ್ಮಂದಿರಿಗೇನು ಬರವೇ? ತಲೆಯೆತ್ತಿ ನೋಡಿದರೆ ಹಳದಿ ಕಾರಿನ ಬಾಗಿಲು ತೆರೆದು, ಹಸಿರು ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕ್ಯಾನ್‌ವಾಸ್ ಶೂ ತೊಟ್ಟ ಕಾಲನ್ನು ಕ್ಲಚ್ಚಿನ ಮೇಲಿಡುತ್ತಿದ್ದವರು… ಕೈಯಲ್ಲಿದ್ದ ಕಬ್ಬು ಮೋರಿಗೆ ಬಿತ್ತು.

“ಜಫರ್! ಏನಯ್ಯಾ ಇದು?”

ಜಫರ್ ನೆಲ ನೋಡಿದ. “ಉಪ್ಪಿನ್ಕಾಯಿ ಸಾ. ಎಲ್ಡು ತಿಂಗ್ಳಿಂದ ಗಂಜಾಂ ಮೈದಾನದಾಗೆ ಆಕ್ತಾವ್ರೆ.”

“ಹೇಳಬ್ಯಾಡ ಅಂತ ಅಮ್ಮ ಕಸಂ ಹಾಕಿಸಿದ್ರು ಅಣ್ಣಾ,” ಎಂದಳು ನೂರ್ ಫಾತಿಮಾ ಸಂಭ್ರಮ ತಡೆಯಲಾರದೆ. “ನೀವು ಪಾಸಾಗಿದ್ರೆ ಅಮ್ಮ ಟೆಸ್ಟಿಗೇ ನಿಲ್ತಿರಲಿಲ್ಲ. ಸುಮ್ನೆ ಮನೆಗೆ ಬಂದ್ಬಿಡ್ತಿದ್ರು.”

ಹಳದಿ ಕಾರು ಹೊರಟಿತು. ತುಳಸಮ್ಮ ಬಾಯಿ ಬಿಗಿಯಾಗಿ ಮುಚ್ಚಿದ್ದರು. ತಲೆ ಮಾತ್ರ ಆಗಾಗ ಸಣ್ಣಗೆ ತೂಗುತ್ತಿತ್ತು. ಎಂಜಿನ್ನಿನ ದನಿ ಏರಿದೊಡನೆ ಗೇರು ಬದಲಾಗುತ್ತಿತ್ತು, ಇಳಿದೊಡನೆ ಮತ್ತೆ ಬದಲಾಗುತ್ತಿತ್ತು. ಎಂಟು ಹಾಕಿದರು, ದಿಬ್ಬ ಹತ್ತಿದರು. ಮತ್ತೆ ನೆಟ್ಟ ಕಂಬಗಳ ನಡುವೆ, ಸೀರೆಯ ನೆರಿಗೆ ಹಿಡಿದಷ್ಟು ನಾಜೂಕಾಗಿ ರಿವರ್ಸ್ ತಂದು ನಿಲ್ಲಿಸಿದರು. ಒಂದು ಕಂಬವೂ ಮಿಸುಕಲಿಲ್ಲ.

“ಪಾಸ್!” ಎಂದರು ಚೈತ್ರ ಮೇಡಂ. “ಅಜ್ಜಿ, ಇಷ್ಟು ಚೆನ್ನಾಗಿ ಹೇಗೆ ಕಲಿತ್ರಿ?”

“ಶ್ರುತಿಗೆ ಸರಿಯಾಗಿ ಹೋದ್ರೆ ಆಯ್ತು ಕಣಮ್ಮಾ,” ಎಂದರು ತುಳಸಮ್ಮ.

ವಾಪಸು ಬರುವಾಗ ನೀಲಿ ಕಾರಿನ ಸ್ಟೀರಿಂಗ್ ಹಿಡಿದವರು ತುಳಸಮ್ಮ. ಲೈಸೆನ್ಸ್ ಕಾರ್ಡು ಕೈಗೆ ಬರುವ ತನಕ ಪಕ್ಕದಲ್ಲಿ ಇರಬೇಕೆಂದು ಜಫರ್ ಮುಂದಿನ ಸೀಟಿನಲ್ಲಿ. ವಿಜಯೇಂದ್ರ ಹಿಂದೆ, ಕಬ್ಬಿನ ಹೊರೆಯ ಜೊತೆ. ಟೆಸ್ಟು ಮುಗಿದದ್ದೇ ತುಳಸಮ್ಮನವರ ದನಿ ಕಟ್ಟೆಯೊಡೆದಿತ್ತು. ದನಿ ಏರಿದಷ್ಟೂ ಕಾರು ಹದವಾಗಿ ಓಡಿತು. ಜಫರನ ಸಿದ್ಧಾಂತ ಅವನ ಕಣ್ಣೆದುರೇ ಸೀಟಿನ ಕೆಳಗೆ ಸೇರಿಕೊಂಡಿತು. ಹಿಂದೆ ಬಲಗಾಲು ಬರಿಯ ಮ್ಯಾಟಿನ ಮೇಲೆ ಧಾರಾಳವಾಗಿ, ಯಾರ ಭಯವೂ ಇಲ್ಲದೆ ತಾಳ ಹಾಕುತ್ತಿತ್ತು. ಪಾಂಡವಪುರದಲ್ಲಿ ಅದೇ ಬಸ್ಸು ಸಿಕ್ಕಿತು. ಅದನ್ನು ಸರಾಗವಾಗಿ ಹಿಂದೆ ಹಾಕುವಾಗ ಕಂಡಕ್ಟರು ಕಾರಿನ ಒಳಗೆ ನೋಡಿದ. ವಿಜಯೇಂದ್ರ ಕಬ್ಬಿನ ಮರೆಗೆ ಸರಿದ.

ಮನೆಯ ಮುಂದೆ ಧರ್ಮೇಂದ್ರ ಕಂಕುಳಲ್ಲಿ ಗೋಣಿಚೀಲ ಇಟ್ಟುಕೊಂಡು ನಿಂತಿದ್ದ. ಕಾರು ಕಾಣುವ ಮೊದಲು ಹಾಡು ಬಂತು. ಹಾಡಿನ ಹಿಂದೆ ಕಾರು ಬಂತು. ಸ್ಟೀರಿಂಗ್ ಹಿಂದೆ ಅವನ ಹೆತ್ತತಾಯಿ ಇದ್ದಳು. ಗೋಣಿಚೀಲ ಜಾರಿ ಬಿತ್ತು.

“ಈ ಮನೆಗೆ ಒಂದು ಲೈಸೆನ್ಸ್ ಬರಬೇಕು ಅಂದಿದ್ದೆ, ಬಂತು ತಾನೆ?” ಎಂದು ಸ್ಮೃತಿ ತಮ್ಮನ ಕಡೆ ತಿರುಗಿದಳು. “ನೀನಿನ್ನು ಹೊರಡಪ್ಪಾ. ಊಟ ಮಾಡ್ಕೊಂಡು ಹೋಗು.”

“ಅಮ್ಮಾ, ಕಾಯಿ…” ಎಂದ ಧರ್ಮೇಂದ್ರ.

“ಕಾಯಿ ಲಾರೀಲಿ ಸಾಗಿಸೋ. ಇದ್ರಲ್ಲಿ ಭಜನೆ ಮಂಡಳಿ ಓಡಾಡುತ್ತೆ.”

ಕಾಂಪೌಂಡಿನಾಚೆಯಿಂದ ನರಸಯ್ಯ ಇಣುಕಿದ. “ಅಯ್ನೋರೆ, ವೈರು ಕೆಲ್ಸಕ್ ಬಂತಾ?”

ವಿಜಯೇಂದ್ರ ಅತ್ತ ಬೆನ್ನು ತಿರುಗಿಸಿದ. ಕಾರಂತೂ ಉಳಿಯಿತಲ್ಲ ಎಂದು ಧೈರ್ಯ ತಂದುಕೊಂಡು ಮುಂದಿನ ಕಿಟಕಿಯ ಹತ್ತಿರ ಬಗ್ಗಿದ.

“ಅತ್ತೇ, ನಾಳೆಯಿಂದ ನಾನು ದಿನಾ ಬೆಳಗ್ಗೆ ಸ್ವಲ್ಪ ಪ್ರಾಕ್ಟೀಸ್…”

“ನಾಳೆ ಗೋವಿಂದನಹಳ್ಳಿ ದೇವಸ್ಥಾನದಲ್ಲಿ ಭಜನೆ. ನಾಡಿದ್ದು ಅರಕೆರೆ. ಆಮೇಲೆ ಬೂಕನಕೆರೆಯವರು ಕರೆದಿದಾರೆ. ನಿಮಗೆಲ್ಲಿ ಪುರುಸೊತ್ತು ಅಳಿಯಂದ್ರೇ?”

“ನನಗಾ? ನಾನೇನು ಮಾಡ್ಲಿ ಅಲ್ಲಿ?”

ತುಳಸಮ್ಮ ಬೆಳಗಿನಿಂದ ಘಲ್ ಎನ್ನುತ್ತಿದ್ದ ಬಟ್ಟೆಚೀಲಕ್ಕೆ ಕೈ ಹಾಕಿದರು. ಹೊರಬಂದದ್ದು ಅವನ ತಾತನ ಕಾಲದ ಕಂಚಿನ ತಾಳದ ಜೋಡಿ. ಬೂದಿ ಹಾಕಿ ಉಜ್ಜಿ ಹೊಳಪು ಬರಿಸಿದ್ದರು, ಹೊಸ ದಾರವನ್ನೂ ಪೋಣಿಸಿದ್ದರು. ಅವನ್ನು ಅಳಿಯನ ಅಂಗೈಗೆ ಇಟ್ಟು ಬೆರಳು ಮಡಿಸಿದರು.

“ಶ್ರುತಿ ಎಂಜಿನ್ನು ಕೊಡುತ್ತೆ, ಹಾಡು ನಾನು ನೋಡ್ಕೋತೀನಿ. ನೀವು ಹಿಂದಿನ ಸೀಟಲ್ಲಿ ಕೂತು ಇದೊಂದು ಹಿಡೀರಿ ಸಾಕು. ನಿದ್ದೆ ಗಿದ್ದೆ ಮಾಡ್ಬೇಡಿ ಮತ್ತೆ. ಬರ್ತಾ ಜಕ್ಕನಹಳ್ಳಿ ಹತ್ರ ಒಂದು ನಿಮಿಷ ತೂಕಡಿಸಿ ತಾಳ ಬಿಟ್ರಿ ನೋಡಿ, ನನಗೆ ನಾಲ್ಕನೇ ಗೇರೇ ಸಿಗಲಿಲ್ಲ!”

ಎಂದವರೇ ಕಾರನ್ನು ಶೆಡ್ಡಿಗೆ ಹಾಕಲು ರಿವರ್ಸ್ ತೆಗೆದುಕೊಂಡರು. ಹಿಂದಿನಿಂದ ಹಾಡು ಶುರುವಾಯಿತು, ತುಳಸಮ್ಮ ದನಿಗೂಡಿಸಿದರು. ಅಂಗಳದಲ್ಲಿ ನಿಂತ ವಿಜಯೇಂದ್ರನ ಬಲಗಾಲು ಅವನನ್ನು ಒಂದು ಮಾತೂ ಕೇಳದೆ ಕೆಲಸಕ್ಕೆ ಹಾಜರಾಯಿತು.